'ತಿಳಿಸುತ್ತೇವೆ' ಎಂದವರು ಯಾವ ದಿನ ತಿಳಿಸುತ್ತಾರೆ?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಉದ್ಯೋಗ ಪುಟದಲ್ಲಿ ಸಂದರ್ಶನಕ್ಕೆ ಹೋಗುವವರಿಗೆ ಬುದ್ಧಿಮಾತಿನ ಕೊರತೆ ಎಂದೂ ಆಗಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಡಿ, ಕಾಲು ಗಂಟೆ ಮೊದಲೇ ಹೋಗಿ, ನೆಟ್ಟಗೆ ಕೂರಿ, ನಗುಮುಖವಿರಲಿ. ಒಪ್ಪೋಣ. ಮೇಜಿನ ಆಚೆ ಕೂತವರಿಗೂ ಇಂಥ ನಾಲ್ಕು ಮಾತು ಬೇಕಲ್ಲವೇ? ಅರ್ಜಿದಾರರ ದೂರುಗಳನ್ನು ಕೇಳಿ ನೋಡಿ. ಕೆಲಸ ಸಿಗಲಿಲ್ಲ ಎಂಬ ದುಃಖವನ್ನು ಅವರು ಹೇಗೋ ನುಂಗಿಕೊಳ್ಳುತ್ತಾರೆ. ಸಿಕ್ಕಿತೋ ಇಲ್ಲವೋ ಎಂಬುದೇ ತಿಳಿಯದೆ ಕಾಯುವುದನ್ನು ನುಂಗಿಕೊಳ್ಳಲಾಗುವುದಿಲ್ಲ. 'ತಿಳಿಸುತ್ತೇವೆ' ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟವರು ಮತ್ತೆ ಸೊಲ್ಲೆತ್ತುವುದಿಲ್ಲ. ನೇಮಕಾತಿಯೇ ಕಸುಬಾಗಿರುವ ನಮಗೆ ಈ ಮೌನ ಯಾವ ಹಂತದಲ್ಲಿ ಹುಟ್ಟುತ್ತದೆ ಎಂಬುದು ಗೊತ್ತು. ಅದಕ್ಕೇ ಈ ಪತ್ರ.

ಮೌನಕ್ಕೆಲ್ಲ ಅಹಂಕಾರವೇ ಕಾರಣ ಎಂದುಕೊಳ್ಳುವವರಿದ್ದಾರೆ. ಕೆಲವೆಡೆ ಅದೂ ಇದೆ. ಆದರೆ ಬಹಳಷ್ಟು ಸಲ ಮೌನ ಶುರುವಾಗುವುದು ಪಟ್ಟಿಯ ಎರಡನೇ ಹೆಸರಿನಿಂದ. ಐದು ಜನರ ಸಂದರ್ಶನ ಮುಗಿಯಿತು, ಮೊದಲ ಹೆಸರಿನವರಿಗೆ ಆಫರ್ ಹೋಯಿತು ಎನ್ನಿ. ಯೋಚಿಸಲು ಅವರು ಒಂದು ವಾರ ಕೇಳುತ್ತಾರೆ. ಸಂಬಳದ ಚೌಕಾಸಿಗೆ ಇನ್ನೊಂದು ವಾರ. ಒಪ್ಪಿದ ಮೇಲೂ ಹಳೆಯ ಕಂಪನಿಯ ನೋಟಿಸ್ ಅವಧಿ ಒಂದು ತಿಂಗಳೋ ಮೂರು ತಿಂಗಳೋ. ಅವರು ಬಂದು ಸೇರುವ ತನಕ ಎರಡನೆಯವರನ್ನು ಕೈಬಿಡಲು ಕಂಪನಿಗೆ ಧೈರ್ಯವಿಲ್ಲ, 'ನೀವು ಎರಡನೆಯವರು' ಎನ್ನಲು ಬಾಯಿ ಬರುವುದಿಲ್ಲ. ಎರಡನೆಯವರಿಗೆ ಹೇಳದೆ ಮೂರನೆಯವರಿಗೆ ಹೇಳುವುದೇಕೆ, ಎಲ್ಲರಿಗೂ ಒಟ್ಟಿಗೆ ಕಳಿಸಿದರಾಯಿತು ಎಂದು ಆ ಕೆಲಸ ಮುಂದಕ್ಕೆ ಹೋಗುತ್ತದೆ. ಮೊದಲನೆಯವರು ಬಂದು ಸೇರಿದ ದಿನ ವಿಭಾಗದಲ್ಲಿ ಎಲ್ಲರಿಗೂ ನಿರಾಳ. ಉಳಿದ ನಾಲ್ವರು ಅಷ್ಟರಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ.

ಇದಕ್ಕೆ ಮದ್ದು ಸುಲಭ. ಮೂರು, ನಾಲ್ಕು, ಐದನೆಯವರಿಗೆ ಎರಡನೆಯವರ ಹಂಗಿಲ್ಲ. ಅವರಿಗೆ ಅದೇ ವಾರ 'ಇಲ್ಲ' ಎಂದು ಬರೆಯಬಹುದು. ಎರಡನೆಯವರಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು: ಬೇರೊಬ್ಬರಿಗೆ ಆಫರ್ ಕೊಟ್ಟಿದ್ದೇವೆ, ಅವರ ಉತ್ತರಕ್ಕೆ ಇಂಥ ದಿನದ ಗಡುವಿದೆ, ಅವರು ಬರದಿದ್ದರೆ ನಿಮ್ಮನ್ನೇ ಕರೆಯುತ್ತೇವೆ, ಅಲ್ಲಿಯವರೆಗೆ ನೀವು ಬೇರೆ ಕಡೆ ನೋಡಿಕೊಳ್ಳಲು ನಮ್ಮ ಅಡ್ಡಿಯಿಲ್ಲ. ಹೀಗೆ ಹೇಳಿದರೆ ಅವರು ಮುನಿಸಿಕೊಂಡು ಹೋಗಿಬಿಡುತ್ತಾರೆ ಎಂಬ ಭಯ ಮ್ಯಾನೇಜರುಗಳಿಗೆ ಇರುತ್ತದೆ. ಮುನಿಸು ಬರುವುದು ಆರು ವಾರ ಏನೂ ಹೇಳದೆ, ಏಳನೇ ವಾರ ಫೋನ್ ಮಾಡಿ 'ಸೋಮವಾರದಿಂದ ಬರುತ್ತೀರಾ' ಎಂದು ಕೇಳಿದಾಗ.

ಮೌನದ ಎರಡನೇ ಮೂಲ ತಂತ್ರಾಂಶ. ಈಗ ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳೆಲ್ಲ ಒಂದು ನೇಮಕಾತಿ ತಂತ್ರಾಂಶದೊಳಗೆ ಬೀಳುತ್ತವೆ. ಪ್ರತಿ ಅರ್ಜಿಗೂ ಅಲ್ಲೊಂದು ಸ್ಥಿತಿ: ಬಂದಿದೆ, ಪರಿಶೀಲನೆಯಲ್ಲಿದೆ, ಸಂದರ್ಶನ ಆಗಿದೆ, ಆಯ್ಕೆ, ತಿರಸ್ಕಾರ. 'ತಿರಸ್ಕಾರ' ಎಂದು ಯಾರಾದರೂ ಕೈಯಾರೆ ಬದಲಿಸಿದರೆ ಮಾತ್ರ ಇ-ಮೇಲ್ ಹೊರಡುವಂತೆ ಅನೇಕ ಕಡೆ ಹೊಂದಿಸಿರುತ್ತಾರೆ. ಬದಲಿಸಲು ಯಾರಿಗೂ ಪುರುಸೊತ್ತಿಲ್ಲ, ಅದು ಯಾರ ಕೆಲಸವೆಂದೂ ಬರೆದಿಟ್ಟಿಲ್ಲ. ತಿಂಗಳುಗಳ ನಂತರ ಯಾರೋ ಹಳೆಯ ಹುದ್ದೆಗಳ ಕಡತ ಮುಚ್ಚುವಾಗ ಒಂದೇ ಗುಂಡಿಗೆ ಇನ್ನೂರು ಜನಕ್ಕೆ ಪತ್ರ ಹಾರುತ್ತದೆ. ಅರ್ಜಿ ಹಾಕಿದ್ದೇ ಮರೆತುಹೋದವರಿಗೆ ರಾತ್ರಿ ಹನ್ನೆರಡಕ್ಕೆ 'ವಿಷಾದಿಸುತ್ತೇವೆ' ಎಂಬ ಸಂದೇಶ ಬರುವುದು ಹೀಗೆ. ವಿಷಾದಿಸಿದವರು ಯಾರೂ ಇಲ್ಲ. ಅದೂ ಉತ್ತರ ಕೊಡಲಾಗದ ವಿಳಾಸದಿಂದ ಬಂದಿರುತ್ತದೆ, ಎಷ್ಟೋ ಸಲ ಸ್ಪ್ಯಾಮ್ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ.

ಇನ್ನೂ ಕಾರಣಗಳಿವೆ: ಹುದ್ದೆಗೇ ತಡೆ ಬಿದ್ದಿರುತ್ತದೆ, ಅದನ್ನು ಹೊರಗೆ ಹೇಳಬೇಡಿ ಎಂದು ಮೇಲಿನಿಂದ ಸೂಚನೆಯಿರುತ್ತದೆ; ಒಳಗಿನವರೊಬ್ಬರು ಮೊದಲೇ ನಿಗದಿಯಾಗಿ ಜಾಹೀರಾತು ಬರೀ ಶಾಸ್ತ್ರಕ್ಕೆ ಬಂದಿರುತ್ತದೆ; ಎಚ್‌ಆರ್‌ನಲ್ಲಿ ನಿಮ್ಮೊಡನೆ ಮಾತಾಡಿದವರೇ ಕೆಲಸ ಬಿಟ್ಟಿರುತ್ತಾರೆ. ಕಾನೂನಿನ ಭಯವೂ ಒಂದು. ಕಾರಣ ಕೊಟ್ಟರೆ ತಾನೇ ಕೇಸು, ಸುಮ್ಮನಿದ್ದರೆ ಕ್ಷೇಮ ಎಂಬ ಲೆಕ್ಕಾಚಾರ. ಈ ಲೆಕ್ಕ ತಪ್ಪು, ಏಕೆಂದು ಮುಂದೆ ಹೇಳುತ್ತೇವೆ.

ಅದಕ್ಕೆ ಮೊದಲು ಅರ್ಜಿದಾರರ ಒಂದು ತಪ್ಪು ತಿಳಿವಳಿಕೆಯ ಬಗ್ಗೆ. ಕಂಪ್ಯೂಟರೇ ಮುಕ್ಕಾಲು ಪಾಲು ರೆಸ್ಯೂಮೆಗಳನ್ನು ಎಸೆದುಬಿಡುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಆ ಅಂಕಿಗೆ ಬುಡವಿಲ್ಲ. ನಿಜವಾಗಿ ತಾನಾಗಿ ಹೊರಹಾಕುವುದು ಅರ್ಜಿ ನಮೂನೆಯ ಹೌದು–ಇಲ್ಲ ಪ್ರಶ್ನೆಗಳು. 'ಮೂರು ವರ್ಷದ ಅನುಭವ ಇದೆಯೇ', 'ರಾತ್ರಿ ಪಾಳಿಗೆ ಒಪ್ಪಿಗೆಯೇ' ಎಂಬಲ್ಲಿ 'ಇಲ್ಲ' ಒತ್ತಿದಿರೋ, ಮನುಷ್ಯನ ಕಣ್ಣಿಗೆ ಬೀಳುವ ಮೊದಲೇ ಆಟ ಮುಗಿಯುತ್ತದೆ. ಆದ್ದರಿಂದ ಎರಡು ವರ್ಷ ಹನ್ನೊಂದು ತಿಂಗಳಿನವರು ಅಲ್ಲಿ ಸುಮ್ಮನೆ 'ಇಲ್ಲ' ಒತ್ತಿ ಕೂರುವ ಬದಲು, ಸಂಬಂಧಪಟ್ಟವರಿಗೆ ಒಂದು ಸಾಲು ಬರೆದು ಕೇಳುವುದು ಲೇಸು. ಇನ್ನೊಂದು ತೊಡಕು ಯಂತ್ರಕ್ಕೆ ಓದಲು ಬಾರದಿರುವುದು. ಎರಡು ಕಾಲಂಗಳ ವಿನ್ಯಾಸ, ಟೇಬಲ್ ಒಳಗಿನ ಪಠ್ಯ, ಪುಟದ ತಲೆಪಟ್ಟಿಯಲ್ಲಿ ಬರೆದ ಫೋನ್ ನಂಬರ್, ಸ್ಕ್ಯಾನ್ ಮಾಡಿದ ಚಿತ್ರದ ಪಿಡಿಎಫ್, ಯುನಿಕೋಡ್ ಅಲ್ಲದ ಹಳೆಯ ಫಾಂಟ್: ಇವುಗಳಲ್ಲಿ ಯಾವುದಿದ್ದರೂ ವಿವರಗಳು ಕಲಸಿಹೋಗಬಹುದು. ಪರೀಕ್ಷಿಸಲು ಅರ್ಧ ನಿಮಿಷ ಸಾಕು. ರೆಸ್ಯೂಮೆ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಓದುವ ಕ್ರಮದಲ್ಲೇ ಬಂದರೆ ಯಂತ್ರಕ್ಕೂ ಅರ್ಥವಾಗುತ್ತದೆ. ಕಂಪನಿಯ ಹೆಸರು ಒಂದು ಕಡೆ, ವರ್ಷ ಇನ್ನೊಂದು ಕಡೆ ಚದುರಿದರೆ ವಿನ್ಯಾಸ ಬದಲಿಸಿ.

ಯಂತ್ರ ಪೂರಾ ನಿರಪರಾಧಿ ಎಂದೇನೂ ಅಲ್ಲ. ಹತ್ತು ವರ್ಷದ ಹಳೆಯ ರೆಸ್ಯೂಮೆಗಳಿಂದ ಕಲಿತ ಅಮೆಜಾನ್ ಕಂಪನಿಯ ಪ್ರಾಯೋಗಿಕ ತಂತ್ರಾಂಶವೊಂದು ಹೆಂಗಸರ ಅರ್ಜಿಗಳಿಗೆ ಕಡಿಮೆ ಅಂಕ ಕೊಡುತ್ತಿತ್ತು, ಹಾಗಾಗಿ ಅದನ್ನು ಕೈಬಿಡಲಾಯಿತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ಹಿಂದೆ ಗಂಡಸರನ್ನೇ ಹೆಚ್ಚು ಸೇರಿಸಿಕೊಂಡಿದ್ದರೆ ಯಂತ್ರವೂ ಅದನ್ನೇ ಕಲಿಯುತ್ತದೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ ಇಂಥ ಸಾಧನ ಬಳಸುವ ಸಂಸ್ಥೆಗಳು ಪಕ್ಷಪಾತದ ಲೆಕ್ಕಪರಿಶೋಧನೆ ಮಾಡಿಸಬೇಕು, ಅರ್ಜಿದಾರರಿಗೆ ಮುಂಚಿತವಾಗಿ ಹೇಳಬೇಕು ಎಂಬ ನಿಯಮ ಜಾರಿಯಲ್ಲಿದೆ.

ಈಗ ಸಂದರ್ಶನದ ಕೋಣೆಗೆ ಬರೋಣ. ಅಲ್ಲಿ ಕೆಟ್ಟದ್ದೇ ಆಮೇಲೆ ಉತ್ತರದಲ್ಲಿ ಕಾಣಿಸುತ್ತದೆ. ಯಾರನ್ನು ಏಕೆ ಆರಿಸಿದೆವು ಎಂದು ತನಗೇ ಗೊತ್ತಿಲ್ಲದ ಪ್ಯಾನೆಲ್, ಬಿಟ್ಟವರಿಗೆ ಏನೆಂದು ಬರೆದೀತು? 'ಉತ್ತರಿಸುವುದಿಲ್ಲ' ಎನ್ನುವ ಎಷ್ಟೋ ಕಂಪನಿಗಳ ಒಳಗುಟ್ಟು 'ಉತ್ತರ ನಮ್ಮ ಹತ್ತಿರವೇ ಇಲ್ಲ' ಎಂಬುದು.

ಹೆಚ್ಚಿನ ಸಂದರ್ಶನಗಳು ಹರಟೆಯ ದಾರಿ ಹಿಡಿಯುತ್ತವೆ. 'ನಿಮ್ಮ ಬಗ್ಗೆ ಹೇಳಿ' ಎಂದು ಶುರುವಾಗಿ, ರೆಸ್ಯೂಮೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಕೇಳುತ್ತ, ಒಬ್ಬರಿಗೆ ಸುಲಭದ ಪ್ರಶ್ನೆ, ಇನ್ನೊಬ್ಬರಿಗೆ ಕಬ್ಬಿಣದ ಕಡಲೆ. ಕೊನೆಗೆ 'ಹುಡುಗ ಚುರುಕಿದ್ದಾನೆ' ಎಂಬ ತೀರ್ಪು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ, ಮೊದಲೇ ಬರೆದಿಟ್ಟ ಅಂಕದ ಅಳತೆಗೋಲು ಇದ್ದರೆ ಅದು ರಚನಾತ್ಮಕ ಸಂದರ್ಶನ. ಇವೆರಡರ ಅಂತರವನ್ನು ಸಂಶೋಧಕರು ಅಳೆದಿದ್ದಾರೆ. ಸಂದರ್ಶನದ ಅಂಕಕ್ಕೂ ಮುಂದೆ ಆ ವ್ಯಕ್ತಿ ಕೆಲಸ ಮಾಡಿದ ರೀತಿಗೂ ಎಷ್ಟು ಹೊಂದಿಕೆ ಎಂಬ ಲೆಕ್ಕ ಅದು. ಒಂದು ಎಂದರೆ ಪೂರ್ಣ ಹೊಂದಿಕೆ, ಸೊನ್ನೆ ಎಂದರೆ ನಾಣ್ಯ ಚಿಮ್ಮಿದಂತೆ. ಫ್ರಾಂಕ್ ಸ್ಮಿತ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ರಚನಾತ್ಮಕ ಸಂದರ್ಶನಕ್ಕೆ 0.51, ಹರಟೆಯ ಸಂದರ್ಶನಕ್ಕೆ 0.38 ಬಂದಿತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕದ ವಿಧಾನವನ್ನು ತಿದ್ದಿ ಮತ್ತೆ ನೋಡಿದಾಗ ಇವು 0.42 ಮತ್ತು 0.19ಕ್ಕೆ ಇಳಿದವು. ಎರಡೂ ಇಳಿದವು ನಿಜ, ಆದರೆ ಹರಟೆಯದು ಅರ್ಧಕ್ಕೇ ಬಿತ್ತು. ರಚನಾತ್ಮಕ ಸಂದರ್ಶನ ಬೇರೆಲ್ಲ ಪರೀಕ್ಷಾ ವಿಧಾನಗಳಿಗಿಂತ ಮೇಲೆ ನಿಂತಿತು.

ಅದನ್ನು ಮಾಡುವುದು ಹೇಗೆ? ಹುದ್ದೆಗೆ ನಿಜವಾಗಿ ಬೇಕಾದ ನಾಲ್ಕೈದು ಗುಣ ಬರೆದುಕೊಳ್ಳಿ. ಒಂದೊಂದಕ್ಕೆ ಒಂದು ಅಥವಾ ಎರಡು ಪ್ರಶ್ನೆ, ಒಟ್ಟು ಆರರಿಂದ ಎಂಟು. ಪ್ರಶ್ನೆ ಎರಡು ಬಗೆ: 'ಹೀಗಾದಾಗ ನೀವು ಏನು ಮಾಡಿದಿರಿ' ಎಂದು ನಡೆದದ್ದನ್ನು ಕೇಳುವುದು, 'ಹೀಗಾದರೆ ಏನು ಮಾಡುತ್ತೀರಿ' ಎಂದು ಸನ್ನಿವೇಶ ಕೊಟ್ಟು ಕೇಳುವುದು. ಎರಡನೆಯ ಬಗೆಯನ್ನು ಗ್ಯಾರಿ ಲೇಥಮ್ ಮತ್ತು ಜೊತೆಗಾರರು 1980ರಲ್ಲೇ ಪರೀಕ್ಷೆಗೆ ಒಡ್ಡಿದ್ದರು. ಅನುಭವವಿಲ್ಲದ ಹೊಸಬರಿಗೆ ಅದೇ ನ್ಯಾಯ. ಪ್ರತಿ ಪ್ರಶ್ನೆಗೂ 1 ಅಂಕದ ಉತ್ತರ ಹೇಗಿರುತ್ತದೆ, 3 ಅಂಕದ್ದು ಹೇಗೆ, 5 ಅಂಕದ್ದು ಹೇಗೆ ಎಂದು ಸಂದರ್ಶನಕ್ಕೆ ಮೊದಲೇ ಎರಡೆರಡು ಸಾಲು ಬರೆಯಿರಿ. ಎಲ್ಲರೂ ಬಿಟ್ಟುಬಿಡುವ ಹಂತ ಇದೇ, ಮತ್ತು ಇದಿಲ್ಲದಿದ್ದರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 45 ನಿಮಿಷದಲ್ಲಿ ಮೊದಲ ಐದು ಪರಿಚಯಕ್ಕೆ, ಮೂವತ್ತು ಪ್ರಶ್ನೆಗಳಿಗೆ, ಹತ್ತು ಅಭ್ಯರ್ಥಿ ಕೇಳುವುದಕ್ಕೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕಾಲು ಗಂಟೆ ಖಾಲಿ ಬಿಡಿ. ಆ ಕಾಲು ಗಂಟೆಯಲ್ಲಿ ಪ್ಯಾನೆಲ್‌ನ ಪ್ರತಿಯೊಬ್ಬರೂ ಮತ್ತೊಬ್ಬರ ಜೊತೆ ಮಾತಾಡದೆ ಅಂಕ ಹಾಕಬೇಕು. ಮಾತಾಡಿದ ಮೇಲೆ ಹಾಕಿದರೆ, ಮೊದಲು ಬಾಯಿ ಬಿಟ್ಟವರ ಅಭಿಪ್ರಾಯಕ್ಕೇ ಎಲ್ಲರೂ ಜೋತುಬೀಳುತ್ತಾರೆ. ಆ ಮೊದಲ ಬಾಯಿ ಸಾಮಾನ್ಯವಾಗಿ ಬಾಸ್‌ನದೇ ಆಗಿರುತ್ತದೆ. ಒಂದರ ಬೆನ್ನಿಗೆ ಒಂದರಂತೆ ಆರು ಸಂದರ್ಶನ ಜೋಡಿಸಿದ ದಿನ ಸಂಜೆ ಮೂರನೆಯವರು ಹೇಳಿದ್ದನ್ನು ಐದನೆಯವರ ಖಾತೆಗೆ ಬರೆಯುವುದು ಮಾಮೂಲು.

ಒಗಟಿನ ಪ್ರಶ್ನೆಗಳ ಶೋಕಿ ಇನ್ನೂ ಕೆಲವರಿಗೆ ಬಿಟ್ಟಿಲ್ಲ. ಒಂದು ಬಸ್ಸಿನಲ್ಲಿ ಎಷ್ಟು ಚೆಂಡು ಹಿಡಿಯುತ್ತವೆ ಎಂಬಂಥವು. ಗೂಗಲ್‌ನ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ 2013ರಲ್ಲೇ ಅವು ಪೂರ್ತಿ ಕಾಲಹರಣ ಎಂದು ಬಹಿರಂಗವಾಗಿ ಹೇಳಿದ್ದರು. ಕೇಳುವವರಿಗೆ ತಾವು ಜಾಣರೆಂಬ ಭಾವನೆ ಬರುವುದೊಂದೇ ಅದರ ಫಲ. ಈ ಚಾಳಿ ಹೊಸದೂ ಅಲ್ಲ. 1921ರಲ್ಲಿ ಥಾಮಸ್ ಎಡಿಸನ್ ಕೆಲಸ ಕೇಳಿ ಬಂದವರಿಗೆ ನೂರೈವತ್ತರಷ್ಟು ಸಾಮಾನ್ಯ ಜ್ಞಾನದ ಪ್ರಶ್ನೆ ಹಾಕುತ್ತಿದ್ದರು. ಅದರಲ್ಲಿ ನಪಾಸಾದ ಅಭ್ಯರ್ಥಿ ನೆನಪಿನಿಂದ ಪ್ರಶ್ನೆಗಳನ್ನೆಲ್ಲ ಪತ್ರಿಕೆಗೆ ಒಪ್ಪಿಸಿದ, ದೊಡ್ಡ ಗಲಾಟೆಯಾಯಿತು. ಅದೇ ವರ್ಷ ಅಮೆರಿಕಕ್ಕೆ ಹೋಗಿದ್ದ ಐನ್‌ಸ್ಟೈನ್‌ಗೆ ಅದರಲ್ಲೊಂದು ಪ್ರಶ್ನೆ ಹಾಕಿ, ಶಬ್ದದ ವೇಗ ಎಷ್ಟು ಎಂದರು. ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊರುವುದಿಲ್ಲ ಎಂಬ ಅರ್ಥದ ಉತ್ತರ ಅವರಿಂದ ಬಂತು. ಎಡಿಸನ್‌ರ ಕಾರ್ಖಾನೆಯಲ್ಲಿ ಅವರಿಗೂ ಕೆಲಸ ಸಿಗುತ್ತಿರಲಿಲ್ಲ.

ಸುತ್ತುಗಳ ಸಂಖ್ಯೆಗೂ ಮಿತಿ ಬೇಕು. ನಾಲ್ಕು ಸಂದರ್ಶನಗಳಾದ ಮೇಲೆ ಐದನೆಯದು, ಆರನೆಯದರಿಂದ ನಿರ್ಧಾರ ಹೆಚ್ಚೇನೂ ಉತ್ತಮವಾಗುವುದಿಲ್ಲ ಎಂದು ಅದೇ ಗೂಗಲ್ ತನ್ನ ದಾಖಲೆಗಳಿಂದ ಕಂಡುಕೊಂಡಿತು. ಏಳೆಂಟು ಸುತ್ತು ಇಟ್ಟವರನ್ನು ನೋಡಿದರೆ, ಆಯ್ಕೆಯ ಹೊಣೆಯನ್ನು ಯಾರೂ ಒಬ್ಬರೇ ಹೊರಲು ತಯಾರಿಲ್ಲ ಎಂಬುದು ಕಾಣುತ್ತದೆ.

ಮನೆಗೆ ಕೊಟ್ಟು ಕಳಿಸುವ ಪರೀಕ್ಷೆಯ ಕತೆ ಬೇರೆ. 'ಎರಡು ಗಂಟೆಯ ಕೆಲಸ' ಎಂದು ಕೊಟ್ಟದ್ದು ಎರಡು ದಿನ ನುಂಗುತ್ತದೆ. ಅಂದಾಜು ಮಾಡಿದವರು ಉತ್ತರ ಗೊತ್ತಿದ್ದೇ ಅಂದಾಜು ಮಾಡಿರುತ್ತಾರೆ, ಅದೇ ಸಮಸ್ಯೆ. ತಮ್ಮದೇ ತಂಡದ ಹೊಸಬರೊಬ್ಬರಿಂದ ಒಮ್ಮೆ ಮಾಡಿಸಿ ಗಡಿಯಾರ ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ. ಮೂರು ಗಂಟೆ ಮೀರಿದರೆ ಕತ್ತರಿಸಬೇಕು ಅಥವಾ ಹಣ ಕೊಡಬೇಕು. ಅರ್ಜಿದಾರರು ಮೂರು ವಿಷಯ ಮೊದಲೇ ಬರಹದಲ್ಲಿ ಕೇಳಿಕೊಳ್ಳಲಿ: ಎಷ್ಟು ಹೊತ್ತು ನಿರೀಕ್ಷೆ, ಯಾವುದಕ್ಕೆ ಅಂಕ, ನೋಡಿದ ಮೇಲೆ ಅಭಿಪ್ರಾಯ ತಿಳಿಸುತ್ತೀರಾ. ಕೊಟ್ಟ ಸಮಸ್ಯೆ ಆ ಕಂಪನಿಯ ಇಂದಿನ ನಿಜ ವ್ಯವಹಾರದ್ದೇ ಆಗಿದ್ದರೆ, ಅದರಲ್ಲೂ ಗ್ರಾಹಕರ ಹೆಸರು ಸಮೇತ ಇದ್ದರೆ, ಅದು ಪರೀಕ್ಷೆಯ ಹೆಸರಿನ ಬಿಟ್ಟಿ ಚಾಕರಿ. ಪ್ರತಿ ಪುಟದ ಅಡಿಯಲ್ಲಿ 'ಮೌಲ್ಯಮಾಪನಕ್ಕಾಗಿ ಮಾತ್ರ' ಎಂದು ಹಾಕಿ ಕಳಿಸಲು ಸಂಕೋಚ ಬೇಡ.

ಎದುರಿಗೆ ಯಾರೂ ಇಲ್ಲದ ವಿಡಿಯೊ ಸಂದರ್ಶನ ಇನ್ನೊಂದು. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಯೋಚಿಸಲು ಅರ್ಧ ನಿಮಿಷವೋ ಒಂದು ನಿಮಿಷವೋ, ಹೇಳಲು ಎರಡು ಮೂರು ನಿಮಿಷ. ಮುಖಭಾವ ಓದಿ ಅಂಕ ಹಾಕುವ ಪದ್ಧತಿಯನ್ನು ಈ ಕ್ಷೇತ್ರದ ದೊಡ್ಡ ಕಂಪನಿಯಾದ ಹೈರ್‌ವ್ಯೂ 2021ರಲ್ಲಿ ಕೈಬಿಟ್ಟಿರುವುದಾಗಿ ಹೇಳಿತು. ಹಾಗಾಗಿ ಕ್ಯಾಮೆರಾಕ್ಕೆ ಹಲ್ಲು ಕಿರಿಯುವ ಅಭ್ಯಾಸಕ್ಕಿಂತ ಮಾತು ಸ್ಪಷ್ಟ ಕೇಳುವಂತೆ ನೋಡಿಕೊಳ್ಳುವುದು ಮುಖ್ಯ. ಬೆಳಕು ಮುಂದಿನಿಂದ ಬೀಳಲಿ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಮೈಕನ್ನು ಮೊದಲೇ ಪರೀಕ್ಷಿಸಿ. ಮರುಪ್ರಯತ್ನಕ್ಕೆ ಅವಕಾಶ ಇದೆಯೇ ಎಂದು ಅಭ್ಯಾಸದ ಪ್ರಶ್ನೆಯಲ್ಲೇ ನೋಡಿಕೊಳ್ಳಿ. ಕೆಲವು ತಂತ್ರಾಂಶಗಳಲ್ಲಿ ಒಮ್ಮೆ ರೆಕಾರ್ಡ್ ಆದರೆ ಮುಗಿಯಿತು.

ಸಂದರ್ಶನದ ಕೊನೆಗೆ 'ಏನಾದರೂ ಕೇಳುವುದಿದೆಯೇ' ಎಂದಾಗ ಬಹುತೇಕರು ತಲೆ ಅಲ್ಲಾಡಿಸಿ ಎದ್ದುಬಿಡುತ್ತಾರೆ. ಆ ಹೊತ್ತಿನಲ್ಲಿ ಕೇಳಬೇಕಾದ್ದು ಮೂರು. ನಿರ್ಧಾರ ಯಾವ ದಿನದೊಳಗೆ? ಯಾರು, ಹೇಗೆ ತಿಳಿಸುತ್ತಾರೆ? ಆ ದಿನ ದಾಟಿದರೆ ಯಾರನ್ನು ಕೇಳಲಿ? ಇವಕ್ಕೆ ಉತ್ತರ ಸಿಕ್ಕರೆ ಕಾಯುವುದಕ್ಕೊಂದು ಗಡಿ ಸಿಕ್ಕಿತು. 'ಆದಷ್ಟು ಬೇಗ' ಎಂಬ ಉತ್ತರ ಬಂದರೆ, 'ಹಾಗಾದರೆ ಹತ್ತು ದಿನ ಬಿಟ್ಟು ನಾನೇ ಇ-ಮೇಲ್ ಮಾಡಲೇ' ಎಂದು ನೀವೇ ಒಂದು ದಿನ ಇಡಿ. ಹೇಳಿದ ದಿನ ದಾಟಿ ಎರಡು ಕೆಲಸದ ದಿನವಾದ ಮೇಲೆ ಮೊದಲ ನೆನಪೋಲೆ. ಹೊಸದಾಗಿ ಬರೆಯದೆ, ಹಿಂದಿನ ಇ-ಮೇಲ್‌ಗೇ ಉತ್ತರವಾಗಿ ಕಳಿಸಿದರೆ ಹಳೆಯ ಮಾತುಕತೆಯೆಲ್ಲ ಅವರ ಕಣ್ಣೆದುರು ಇರುತ್ತದೆ. ಮಾದರಿ:

"ವಿಷಯ: ಲೆಕ್ಕಪತ್ರ ಸಹಾಯಕ ಹುದ್ದೆ, 12ನೇ ತಾರೀಕಿನ ಸಂದರ್ಶನ. ನಮಸ್ಕಾರ. 20ರೊಳಗೆ ನಿರ್ಧಾರ ತಿಳಿಸುವುದಾಗಿ ಹೇಳಿದ್ದಿರಿ. ಆಯ್ಕೆ ಯಾವ ಹಂತದಲ್ಲಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಈ ಕೆಲಸದಲ್ಲಿ ನನ್ನ ಆಸಕ್ತಿ ಹಾಗೇ ಇದೆ. ಬೇರೊಂದು ಕಡೆಯ ಆಫರಿಗೆ 28ರೊಳಗೆ ಉತ್ತರ ಕೊಡಬೇಕಾಗಿದೆ."

ಕೊನೆಯ ಸಾಲು ನಿಜವಿದ್ದರೆ ಮಾತ್ರ ಬರೆಯಿರಿ. 'ಹಾಗಾದರೆ ಅಲ್ಲಿಗೇ ಸೇರಿಕೊಳ್ಳಿ' ಎಂಬ ಉತ್ತರ ಬಂದರೆ ಸುಳ್ಳು ಹೇಳಿದವರಿಗೆ ಎರಡೂ ಇಲ್ಲ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು, ಕೊನೆಯದು. ಮೂರನೆಯದರಿಂದ ಏನಾದರೂ ಪ್ರಯೋಜನವಾದದ್ದು ಅಪರೂಪ. ಇಷ್ಟೆಲ್ಲದರ ನಡುವೆ ಬೇರೆ ಅರ್ಜಿಗಳನ್ನು ಹಾಕುವುದನ್ನು ಮಾತ್ರ ನಿಲ್ಲಿಸಬೇಡಿ. 'ಅಲ್ಲಿ ಆಗುವ ಹಾಗಿದೆ' ಎಂದು ಕೈಕಟ್ಟಿ ಕೂತ ವಾರಗಳು ಮರಳಿ ಬರುವುದಿಲ್ಲ.

ಕಂಪನಿಗಳು ಬರೆಯಬೇಕಾದ ಪತ್ರವೂ ಇಷ್ಟೇ ಚಿಕ್ಕದು. ಸಂದರ್ಶನಕ್ಕೆ ಕರೆಯದವರಿಗೆ ತಂತ್ರಾಂಶದಿಂದ ಎರಡು ಸಾಲು ಹೋದರೆ ಸಾಕು. ಎದುರು ಕೂರಿಸಿಕೊಂಡು ಮಾತಾಡಿದವರಿಗೆ ಹೀಗೆ:

"ನಮಸ್ಕಾರ. ಗ್ರಾಹಕ ಸೇವಾ ಮೇಲ್ವಿಚಾರಕ ಹುದ್ದೆಗೆ 12ರಂದು ನೀವು ಬಂದು ಮಾತನಾಡಿದ್ದಕ್ಕೆ ಕೃತಜ್ಞತೆ. ಈ ಹುದ್ದೆಗೆ ಬೇರೆಯವರನ್ನು ಆರಿಸಿದ್ದೇವೆ. ದೂರುಗಳನ್ನು ತಾವೇ ಮುಂದೆ ನಿಂತು ಬಗೆಹರಿಸಿದ ಅನುಭವ ಇದಕ್ಕೆ ಮುಖ್ಯವಾಗಿತ್ತು. ನಿಮ್ಮ ಉತ್ತರಗಳಲ್ಲಿ ಅದರ ಉದಾಹರಣೆ ನಮಗೆ ಸಾಕಷ್ಟು ಸಿಗಲಿಲ್ಲ. ನಿಮ್ಮ ವಿವರಗಳನ್ನು ಆರು ತಿಂಗಳ ನಂತರ ಅಳಿಸುತ್ತೇವೆ. ಮೊದಲೇ ಅಳಿಸಬೇಕೆಂದರೆ ಇದೇ ವಿಳಾಸಕ್ಕೆ ಬರೆಯಿರಿ."

'ಇಲ್ಲ' ಎಂಬುದು ಎರಡನೇ ವಾಕ್ಯದಲ್ಲೇ ಇದೆ, ಹೊಗಳಿಕೆಯ ಮೂರು ಪ್ಯಾರಾಗಳ ಅಡಿಯಲ್ಲಿ ಹೂತಿಲ್ಲ. ಕಾರಣ ಒಂದೇ ಇದೆ, ಅದೂ ಹುದ್ದೆಯ ಅಗತ್ಯಕ್ಕೆ ಕಟ್ಟಿದ್ದು, ವ್ಯಕ್ತಿಗಲ್ಲ. 'ನಮ್ಮ ವಾತಾವರಣಕ್ಕೆ ಹೊಂದುವುದಿಲ್ಲ', 'ನಿಮ್ಮ ಅರ್ಹತೆ ಹೆಚ್ಚಾಯಿತು' ಎಂಬಂಥವನ್ನು ಬರೆದರೆ ಅಲ್ಲೇ ತಕರಾರಿನ ಬಾಗಿಲು ತೆರೆಯುತ್ತದೆ: ವಯಸ್ಸು ನೋಡಿದರೇ, ಊರು ನೋಡಿದರೇ ಎಂಬ ಅನುಮಾನ ಸಹಜ. ಮುಂದಿನ ಅವಕಾಶದಲ್ಲಿ ಖಂಡಿತ ಸಂಪರ್ಕಿಸುತ್ತೇವೆ ಎಂದು, ಸಂಪರ್ಕಿಸುವ ಉದ್ದೇಶವಿಲ್ಲದಿದ್ದರೆ, ದಯವಿಟ್ಟು ಬರೆಯಬೇಡಿ.

ಕಾನೂನಿನ ಭಯದ ಲೆಕ್ಕ ತಪ್ಪು ಎಂದೆವಲ್ಲ, ಅದು ಹೀಗೆ. ಅಂಕಪಟ್ಟಿ, ಒಂದೇ ಬಗೆಯ ಪ್ರಶ್ನೆ, ಹುದ್ದೆಗೆ ಸಂಬಂಧಿಸಿದ ಕಾರಣ ಇಷ್ಟಿದ್ದ ಸಂಸ್ಥೆಗೆ ತಕರಾರು ಬಂದರೂ ತೋರಿಸಲು ಕಾಗದ ಇರುತ್ತದೆ. ಸುಮ್ಮನಿದ್ದವರ ಬಳಿ ಅದೂ ಇಲ್ಲ. ಪರೀಕ್ಷಾರ್ಥಿಯ ಉತ್ತರದ ಜೊತೆಗೆ ಪರೀಕ್ಷಕರು ಅದರ ಮೇಲೆ ಬರೆದ ಟಿಪ್ಪಣಿಯೂ ಆ ವ್ಯಕ್ತಿಯ ವೈಯಕ್ತಿಕ ಮಾಹಿತಿಯೇ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ಹಾಗಾಗಿ ಅಲ್ಲಿ ಸಂದರ್ಶನದ ಟಿಪ್ಪಣಿಯ ಪ್ರತಿಯನ್ನೂ ಅಭ್ಯರ್ಥಿ ಕೇಳಬಹುದು. 'ಪೆದ್ದ', 'ದಪ್ಪಗಿದ್ದಾರೆ' ಎಂದು ಅಂಚಿನಲ್ಲಿ ಗೀಚುವವರು ಎಲ್ಲೇ ಇರಲಿ, ಅದನ್ನು ಅಭ್ಯರ್ಥಿಯೇ ಓದುತ್ತಾರೆ ಎಂದುಕೊಂಡು ಬರೆಯುವುದು ಕ್ಷೇಮ.

ಮೌನವನ್ನೇ ಕಾನೂನಿನ ಹಿಡಿತಕ್ಕೆ ತಂದ ಕಡೆಯೂ ಉಂಟು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ, 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಸಾರ್ವಜನಿಕ ಜಾಹೀರಾತಿನ ಹುದ್ದೆಗೆ ಯಾರನ್ನಾದರೂ ಸಂದರ್ಶಿಸಿದರೆ, ನಿರ್ಧಾರ ಆಯಿತೇ ಇಲ್ಲವೇ ಎಂಬುದನ್ನು ಕೊನೆಯ ಸಂದರ್ಶನದಿಂದ 45 ದಿನದೊಳಗೆ ತಿಳಿಸಬೇಕು. ಸಂಬಳದ ವ್ಯಾಪ್ತಿ, ಆಯ್ಕೆಗೆ ಕೃತಕ ಬುದ್ಧಿಮತ್ತೆ ಬಳಸುತ್ತಾರೆಯೇ, ಹುದ್ದೆ ನಿಜವಾಗಿ ಖಾಲಿ ಇದೆಯೇ ಎಂಬುದನ್ನೂ ಜಾಹೀರಾತಿನಲ್ಲೇ ಹೇಳಬೇಕು. ನಮ್ಮ ಅಭಿಪ್ರಾಯದಲ್ಲಿ 45 ದಿನವೂ ಜಾಸ್ತಿಯೇ. ಆದರೆ ಲೆಕ್ಕ ಹಾಕಲು ಒಂದು ಸಂಖ್ಯೆಯಾದರೂ ಇದೆ. ಸಂಬಳದ ವಿಷಯದಲ್ಲಿ ಐರೋಪ್ಯ ಒಕ್ಕೂಟದ 2023ರ ನಿರ್ದೇಶನ ಇನ್ನೂ ಮುಂದೆ ಹೋಗಿದೆ: ಹಿಂದಿನ ಸಂಬಳ ಎಷ್ಟಿತ್ತು ಎಂದು ಅಭ್ಯರ್ಥಿಯನ್ನು ಕೇಳುವ ಹಾಗೇ ಇಲ್ಲ. ಈ ಪ್ರಶ್ನೆ ನಿಷಿದ್ಧವಲ್ಲದ ಕಡೆ, 'ಈ ಹುದ್ದೆಗೆ ನೀವು ಇಟ್ಟಿರುವ ವ್ಯಾಪ್ತಿ ತಿಳಿದರೆ ನನ್ನ ನಿರೀಕ್ಷೆ ಹೇಳುತ್ತೇನೆ' ಎಂದು ಮರುಪ್ರಶ್ನೆ ಹಾಕಬಹುದು. ಹಳೆಯ ಸಂಬಳವನ್ನು ಏರಿಸಿ ಹೇಳುವುದು ಮಾತ್ರ ಬೇಡ, ಸ್ಯಾಲರಿ ಸ್ಲಿಪ್ ಕೇಳಿದಾಗ ಸಿಕ್ಕಿಬೀಳುತ್ತೀರಿ.

ನಿಜವಾದ ಕಂಪನಿಗಳ ಮೌನದಿಂದ ಲಾಭ ಮಾಡಿಕೊಳ್ಳುವವರು ಮೋಸಗಾರರು. ಈ ಕೊಂಡಿಯನ್ನು ಯಾರೂ ಗಮನಿಸಿದಂತಿಲ್ಲ. ಹತ್ತು ಕಡೆ ಅರ್ಜಿ ಹಾಕಿ ಎಲ್ಲಿಂದಲೂ ಸುದ್ದಿಯಿಲ್ಲದೆ ಕೂತವರಿಗೆ, ಹನ್ನೊಂದನೆಯ ಕಡೆಯಿಂದ ಒಂದೇ ದಿನದಲ್ಲಿ ಲಾಂಛನ ಸಮೇತ ನೇಮಕಾತಿ ಪತ್ರ ಬಂದರೆ ನಂಬದೆ ಏನು ಮಾಡಿಯಾರು? ನಿಜವಾದವರು ಸುಮ್ಮನಿರುತ್ತಾರೆ, ಖೊಟ್ಟಿಯವರು ತಟ್ಟನೆ ಉತ್ತರಿಸುತ್ತಾರೆ. ಬೆನ್ನಿಗೇ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣದ ಬೇಡಿಕೆ. ಹಣ ಕೇಳಿದಲ್ಲಿಗೆ ಮಾತು ಮುಗಿಸಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಲಿ ಬಳಸುದಾರಿಯಲ್ಲಾಗಲಿ ಶುಲ್ಕ ವಸೂಲು ಮಾಡಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಮೂಲ ನಿಯಮ. ಇ-ಮೇಲ್ ವಿಳಾಸದಲ್ಲಿ '@' ಚಿಹ್ನೆಯ ನಂತರದ ಭಾಗವನ್ನು ಅಕ್ಷರ ಅಕ್ಷರ ಬಿಡಿಸಿ ಓದಿ. ಒಂದು ಅಕ್ಷರ ಹೆಚ್ಚುಕಮ್ಮಿ ಮಾಡಿ ಅಸಲಿಯಂತೆ ಕಾಣಿಸುವುದೇ ಅವರ ಕೈಚಳಕ. ಪತ್ರದಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡರೆ ಎತ್ತುವವರೂ ಅವರೇ. ಕಂಪನಿಯ ಜಾಲತಾಣವನ್ನು ನೀವೇ ಹುಡುಕಿ, ಅಲ್ಲಿರುವ ನಂಬರಿಗೆ ಮಾಡಿ.

ನಿಜವಾದ ಆಫರ್ ಬಂದಾಗಲೂ, ಫೋನಿನಲ್ಲಿ ಹೇಳಿದ್ದನ್ನು ನಂಬಿ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಬರಹದಲ್ಲಿ ಬಂದ ಮೇಲೆ ನೋಡಬೇಕಾದ್ದು: ಹುದ್ದೆಯ ಹೆಸರು, ಸೇರುವ ದಿನ, ಕೆಲಸದ ಸ್ಥಳ, ಸಂಬಳದಲ್ಲಿ ನಿಶ್ಚಿತ ಎಷ್ಟು, ಸಾಧನೆಗೆ ತಕ್ಕಂತೆ ಬದಲಾಗುವುದೆಷ್ಟು, ಪ್ರೊಬೇಷನ್ ಅವಧಿ, ಎರಡೂ ಕಡೆಯ ನೋಟಿಸ್ ಅವಧಿ ಸಮವೇ, ಬಾಂಡ್ ಇದೆಯೇ, ಹಿನ್ನೆಲೆ ಪರಿಶೀಲನೆಗೆ ಒಳಪಟ್ಟ ಆಫರೇ. ಕೊನೆಯದು ಇದ್ದರೆ, ಪರಿಶೀಲನೆ ಮುಗಿದ ಮೇಲೆಯೇ ರಾಜೀನಾಮೆ ಕೊಡಲು ಸಾಧ್ಯವೇ ಎಂದು ಕೇಳಿ. ಅನೇಕ ಕಡೆ ಒಪ್ಪುತ್ತಾರೆ.

ಆಫರ್ ಒಪ್ಪಿಕೊಂಡು ಸೇರುವ ದಿನ ಫೋನ್ ಎತ್ತದ ಅಭ್ಯರ್ಥಿಗಳೂ ಇದ್ದಾರೆ, ಅವರ ಸಂಖ್ಯೆ ಕಡಿಮೆಯಿಲ್ಲ ಎಂದು ಕಂಪನಿಗಳು ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ. ಅವರ ಮೌನವೂ ಇದೇ ಎರಡನೇ ಹೆಸರಿನ ಕತೆ: ಇನ್ನೊಂದು ಕಡೆಯ ಉತ್ತರ ಬರಲಿ ಎಂದು ಇದನ್ನು ಕಾಯ್ದಿಟ್ಟಿರುತ್ತಾರೆ. ಬರುವುದಿಲ್ಲ ಎಂದು ಒಂದು ಸಾಲು ಬರೆದರೆ, ಪಟ್ಟಿಯಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ಆ ದಿನವೇ ಕರೆ ಹೋಗುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ, ಸಂಪಾದಕರೇ. ಉದ್ಯೋಗ ಜಾಹೀರಾತು ಕೊಡಲು ಬಂದವರು ಹುದ್ದೆ, ಅರ್ಹತೆ, ಕೊನೆಯ ದಿನಾಂಕ ತುಂಬಿಸುವ ನಿಮ್ಮ ನಮೂನೆಯಲ್ಲಿ ಇನ್ನೊಂದು ಸಾಲು ಸೇರಿಸಿ: 'ಸಂದರ್ಶಿಸಿದ ಎಲ್ಲರಿಗೂ ಫಲಿತಾಂಶ ತಿಳಿಸುವ ದಿನಾಂಕ.' ಕಡ್ಡಾಯ ಮಾಡಬೇಕಿಲ್ಲ. ಖಾಲಿ ಬಿಟ್ಟವರ ಜಾಹೀರಾತಿನಲ್ಲಿ ಆ ಜಾಗ ಖಾಲಿಯಾಗಿಯೇ ಅಚ್ಚಾಗಲಿ.

ಪತ್ರ ಉದ್ದವಾಯಿತು. ಕತ್ತರಿಸಲೇಬೇಕಾದರೆ ಆ ಎರಡು ಮಾದರಿ ಪತ್ರಗಳನ್ನು ಉಳಿಸಿಕೊಂಡು ಬೇರೆ ಯಾವುದನ್ನಾದರೂ ಕತ್ತರಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ನೇಮಕಾತಿ ವಿಭಾಗದ ಕೆಲವು ಓದುಗರು